ಲೆಕ್ಕದ ಹೊರಗುಳಿದ ಜಾಗತಿಕ ನಿರುದ್ಯೋಗ

ಬಂಡವಾಳದ ಹರಿವು, ವಿನಿಮಯ ದರ, ತೈಲದ ಬೆಲೆ ಮೊದಲಾದವುಗಳ ಕುರಿತು ಬರೆಯುವಾಗ ಅರ್ಥಶಾಸ್ತ್ರಜ್ಞರು ಇಡೀ ಜಗತ್ತನ್ನೇ ಒಂದು ಮಾರುಕಟ್ಟೆಯೆಂದು ಭಾವಿಸುತ್ತಾರೆ. ನಿರುದ್ಯೋಗದ ಮಾತು ಬಂದಾಗ ಮಾತ್ರ ಅವರ ಸಂಶೋಧನೆ ಬಹುತೇಕ ಒಂದೊಂದು ದೇಶದ, ಅದರಲ್ಲಿಯೂ ಸಿರಿವಂತ ದೇಶದ ಗಡಿಯೊಳಗೇ ನಿಂತುಬಿಡುತ್ತದೆ. 1958ರಲ್ಲಿ ಎ. ಡಬ್ಲ್ಯು. ಫಿಲಿಪ್ಸ್ ನಿರುದ್ಯೋಗಕ್ಕೂ ವೇತನದ ಏರಿಕೆಗೂ ಇರುವ ಸಂಬಂಧವನ್ನು ತೋರಿಸಿದ್ದು ಬ್ರಿಟನ್ನಿನ ಅಂಕಿಅಂಶಗಳಿಂದ. 2010ರಲ್ಲಿ ಡೈಮಂಡ್, ಮಾರ್ಟೆನ್ಸನ್ ಮತ್ತು ಪಿಸ್ಸಾರಿಡೀಸ್ ಅವರಿಗೆ ನೊಬೆಲ್ ಪುರಸ್ಕಾರ ತಂದ ಸಿದ್ಧಾಂತದಲ್ಲಿ ಉದ್ಯೋಗಾಕಾಂಕ್ಷಿಯು ತನಗೊಪ್ಪುವ ಕೆಲಸ ದೊರೆಯುವವರೆಗೆ ಕಾಯಬಲ್ಲನು.

ಕಾಯುವುದಕ್ಕೆ ಸರ್ಕಾರದ ಭತ್ಯೆ ಬೇಕು, ಇಲ್ಲವೇ ಮನೆಯಲ್ಲಿ ಉಳಿತಾಯವಿರಬೇಕು. ಎರಡೂ ಇಲ್ಲದವನು ತಳ್ಳುಗಾಡಿ ಹಿಡಿಯುತ್ತಾನೆ, ಅಥವಾ ಅಣ್ಣನ ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುತ್ತಾನೆ. ಅಂಕಿಅಂಶದಲ್ಲಿ ಅವನು ಉದ್ಯೋಗಸ್ಥ! ಬಡ ದೇಶಗಳಲ್ಲಿ ನಿರುದ್ಯೋಗದ ದರ ಎಷ್ಟೋ ವೇಳೆ ಕಡಿಮೆ ಕಾಣುವುದು ಈ ಕಾರಣದಿಂದ. ಅಲ್ಲಿ ಸಮಸ್ಯೆಯೇ ಇಲ್ಲವೆಂಬಂತೆ ಸಂಶೋಧನೆಯೂ ಬೇರೆಡೆಗೆ ಹೊರಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ನಿರುದ್ಯೋಗಿಗಳು 18.6 ಕೋಟಿ. ಆದರೆ ಹುಡುಕಿ ಬೇಸತ್ತವರು, ಮನೆಯ ಹೊಣೆಯಿಂದ ಹೊರಬರಲಾಗದವರು ಮೊದಲಾಗಿ ಕೆಲಸ ಬಯಸಿಯೂ ದೊರೆಯದವರೆಲ್ಲರನ್ನೂ ಸೇರಿಸಿದರೆ ಸಂಖ್ಯೆ 40.2 ಕೋಟಿಗೆ ಏರುತ್ತದೆ. ಅರೆಕೆಲಸದಲ್ಲಿ ದಿನ ನೂಕುವವರು ಇದರಲ್ಲಿಯೂ ಇಲ್ಲ.

ಬಡತನದ ವಿಷಯದಲ್ಲಿ ಹೀಗಾಗಲಿಲ್ಲವೆಂಬುದು ಗಮನಾರ್ಹ. 1990ರಲ್ಲಿ ವಿಶ್ವಬ್ಯಾಂಕ್ ದಿನಕ್ಕೆ ಒಂದು ಡಾಲರಿನ ರೇಖೆ ಎಳೆಯಿತು. ಆ ಅಳತೆಗೋಲಿನ ಕುರಿತು ಆಕ್ಷೇಪಗಳೇನೇ ಇರಲಿ, ದೇಶದೇಶಗಳನ್ನು ಹೋಲಿಸುವ ಅಧ್ಯಯನಗಳಿಗೆ ಅದು ದಾರಿಮಾಡಿತು. ನಿರುದ್ಯೋಗಕ್ಕೆ ಅಂತಹ ಅಳತೆಗೋಲು ಸುಲಭವೂ ಅಲ್ಲ. ನಮ್ಮಂತಹ ದೇಶದ ನಿರುದ್ಯೋಗವನ್ನು ಒಂದೇ ಸಂಖ್ಯೆಯಲ್ಲಿ ಹಿಡಿದಿಡಲಾಗದೆಂದು ದಾಂತವಾಲಾ ಸಮಿತಿ 1970ರಲ್ಲಿಯೇ ಹೇಳಿತ್ತು.

ವರ್ತಕರು ಇದನ್ನು ಪಂಡಿತರ ಚರ್ಚೆಯೆಂದು ಬದಿಗಿಡುವಂತಿಲ್ಲ. ನಮ್ಮ ಶ್ರಮಶಕ್ತಿ ಸಮೀಕ್ಷೆಯ 'ಸಾಮಾನ್ಯ ಸ್ಥಿತಿ'ಯ ಲೆಕ್ಕದಲ್ಲಿ, ಉಪವೃತ್ತಿಯಾಗಿ ವರ್ಷಕ್ಕೆ 30 ದಿನ ದುಡಿದವರೂ ಉದ್ಯೋಗಸ್ಥರೇ. 2017-18ರಲ್ಲಿ ಶೇ. 6.1 ಇದ್ದ ನಿರುದ್ಯೋಗ 2023-24ರಲ್ಲಿ ಶೇ. 3.2ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ದುಡಿಯುವವರ ಪೈಕಿ ಸ್ವಯಂ ಉದ್ಯೋಗಿಗಳು ಶೇ. 52.2ರಿಂದ 58.4ಕ್ಕೆ ಏರಿದರು, ನಿಯತ ಸಂಬಳದವರು ಶೇ. 22.8ರಿಂದ 21.7ಕ್ಕೆ ಇಳಿದರು. ಕಂತಿನಲ್ಲಿ ಮಿಕ್ಸಿ, ಫ್ಯಾನು ಕೊಳ್ಳಲು ಧೈರ್ಯಮಾಡುವವರು ಹೆಚ್ಚಾಗಿ ಈ ಕೊನೆಯ ವರ್ಗದವರು. ಹೊಸ ಯಂತ್ರಕ್ಕೆ ಸಾಲ ಕೇಳುವ ಮುನ್ನ ಸಣ್ಣ ಉತ್ಪಾದಕರು ಸಮೀಕ್ಷೆಯಲ್ಲಿ ನೋಡಬೇಕಾದ ಕೋಷ್ಟಕವೂ ಇದೇ.