ಎಲ್ಲಿಯವರೆಗೆ ಸರಿಯಿದೆ?

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ಫೋನಿಗೆ ವೈಫೈ ಸಿಗುತ್ತದೆ, ಕಂಪ್ಯೂಟರಿಗೆ ಮಾತ್ರ ಸಿಗುತ್ತಿಲ್ಲ, ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸೋಣ ಅಂತ ಅಪ್ಪ ಹೇಳುತ್ತಿದ್ದಾರೆ ಎಂದು ಬರೆದಿದ್ದೀಯ. ಫಾರ್ಮ್ಯಾಟ್ ಸದ್ಯಕ್ಕೆ ಬೇಡ ಎಂದು ಭಾವನಿಗೆ ಹೇಳು. ರಿಪೇರಿ ಅಂಗಡಿಯಲ್ಲಿ ಕೂತೇ ತಲೆ ಬೆಳ್ಳಗಾದವನು ನಾನು. ವೈಫೈ ಅಡಾಪ್ಟರಿನ ದೂರು ಹೊತ್ತು ಬಂದ ಕಂಪ್ಯೂಟರ್‌ಗಳಲ್ಲಿ ಫಾರ್ಮ್ಯಾಟ್ ಬೇಕಾದವು ತೀರಾ ಅಪರೂಪ. ಪ್ರತಿ ಮನೆಯಲ್ಲೂ ನಿನ್ನಂಥ ಒಬ್ಬರು ಸಂಬಳವಿಲ್ಲದೆ ಕಂಪ್ಯೂಟರ್ ನೋಡುವ ಕೆಲಸಕ್ಕೆ ನೇಮಕವಾಗಿರುತ್ತಾರೆ. ಅವರೂ ಓದಿಕೊಳ್ಳಲಿ ಎಂದು ಉತ್ತರವನ್ನು ಪತ್ರಿಕೆಗೇ ಕೊಟ್ಟಿದ್ದೇನೆ.

ತೋಟದ ಕೊನೆಯ ಸ್ಪ್ರಿಂಕ್ಲರಿನಲ್ಲಿ ನೀರು ಬಾರದಿದ್ದರೆ ನಿನ್ನ ಅಪ್ಪ ಏನು ಮಾಡುತ್ತಾರೆ? ನೇರ ಹೋಗಿ ಪಂಪು ಬಿಚ್ಚುವುದಿಲ್ಲ. ನಡುವಿನ ಗೇಟ್‌ವಾಲ್ವ್ ಹತ್ತಿರ ನೀರು ಬರುತ್ತಿದೆಯೇ ನೋಡುತ್ತಾರೆ. ಬರುತ್ತಿದ್ದರೆ ಅಲ್ಲಿಂದ ಹಿಂದಿನ ಪೈಪಿನ ಚಿಂತೆ ಮುಗಿಯಿತು, ಮುಂದಿನದ್ದನ್ನು ಮಾತ್ರ ಹುಡುಕಿದರಾಯಿತು. ‘ಏನು ಕೆಟ್ಟಿದೆ’ ಎಂದು ಹೊರಟರೆ ನೂರು ಉತ್ತರ ಎದುರಾಗುತ್ತವೆ. ‘ಎಲ್ಲಿಯವರೆಗೆ ಸರಿಯಿದೆ’ ಎಂದು ಕೇಳಿಕೊಂಡರೆ ಪ್ರತಿ ಸಲವೂ ಅರ್ಧ ಅನುಮಾನ ಕಳೆಯುತ್ತದೆ. ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ.

ಮೊದಲ ಅರ್ಧವನ್ನು ನೀನಾಗಲೇ ಕಳೆದಿದ್ದೀಯ. ಅದೇ ಮನೆ, ಅದೇ ರೂಟರ್, ಫೋನಿನಲ್ಲಿ ಇಂಟರ್‌ನೆಟ್ ಓಡುತ್ತಿದೆ ಎಂದಮೇಲೆ ಹೊರಗಿನ ಫೈಬರ್ ಸರಿ, ರೂಟರ್ ಬಹುಮಟ್ಟಿಗೆ ಸರಿ. ಆದರೆ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ಇನ್ನೊಮ್ಮೆ ನೋಡು. ವೈಫೈ ಕೈಕೊಟ್ಟಾಗ ಫೋನು ಸದ್ದಿಲ್ಲದೆ ಸಿಮ್ಮಿನ ಡೇಟಾಕ್ಕೆ ಹಾರಿ, ಎಲ್ಲ ಸರಿಯಿದೆ ಎಂದು ನಂಬಿಸುತ್ತದೆ.

ಇನ್ನು ಕಂಪ್ಯೂಟರಿನ ಮುಂದೆ ಕೂತುಕೋ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಏನು ಕಂಡಿತು, ಏನು ಬದಲಿಸಿದೆ, ಬದಲಿಸಿದ ಮೇಲೆ ಏನಾಯಿತು ಎಂದು ಬರೆಯುತ್ತಾ ಹೋಗು. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಮಳೆಗಾಲದಲ್ಲಿ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

‘ವೈಫೈ ಬರ್ತಿಲ್ಲ’ ಎನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಪರದೆಯಲ್ಲಿ ವೈಫೈ ಗುಂಡಿಯೇ ಕಾಣದಿರುವುದು ಒಂದು. ಗುಂಡಿ ಇದೆ, ನೆರೆಮನೆಗಳ ಹೆಸರೂ ಕಾಣುತ್ತದೆ, ನಿಮ್ಮ ರೂಟರಿನ ಹೆಸರು ಮಾತ್ರ ಇಲ್ಲ ಎನ್ನುವುದು ಎರಡನೆಯದು. ಕನೆಕ್ಟ್ ಆಗಿದೆ, ಇಂಟರ್‌ನೆಟ್ ಇಲ್ಲ ಎನ್ನುವುದು ಮೂರನೆಯದು. ನಿನ್ನದು ಯಾವುದೆಂದು ತೀರ್ಮಾನವಾಗುವವರೆಗೆ ಏನನ್ನೂ ಮುಟ್ಟಬೇಡ.

ಗುಂಡಿಯೇ ಇಲ್ಲದಿದ್ದರೆ ವಿಂಡೋಸ್‌ಗೆ ಅಡಾಪ್ಟರ್ ಕಾಣುತ್ತಿಲ್ಲ, ಇಲ್ಲವೇ ಕಂಡರೂ ಮಾತಾಡಿಸಲು ಆಗುತ್ತಿಲ್ಲ ಎಂದರ್ಥ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆ, ‘ನೆಟ್‌ವರ್ಕ್ ಅಡಾಪ್ಟರ್ಸ್’ ಸಾಲನ್ನು ಬಿಡಿಸಿ ನೋಡು. ಹೆಸರಿನ ಮೇಲೆ ಕೆಳಮುಖದ ಬಾಣವಿದ್ದರೆ ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ, ಎನೇಬಲ್ ಮಾಡಿದರೆ ಮುಗಿಯಿತು. ಹಳದಿ ತ್ರಿಕೋನವಿದ್ದರೆ ಅದರ ಮೇಲೆ ಎರಡು ಸಲ ಒತ್ತು, ಒಳಗೆ ಒಂದು ಕೋಡ್ ಸಂಖ್ಯೆ ಇರುತ್ತದೆ. 28 ಎಂದರೆ ಡ್ರೈವರ್ ಇಲ್ಲ. 10 ಎಂದರೆ ಸಾಧನ ಶುರುವಾಗುತ್ತಿಲ್ಲ. 43 ಎಂದರೆ ಸಾಧನವೇ ತನ್ನಲ್ಲಿ ತೊಂದರೆಯಿದೆ ಎಂದಿದ್ದಕ್ಕೆ ವಿಂಡೋಸ್ ಅದನ್ನು ನಿಲ್ಲಿಸಿದೆ. ಆ ಸಂಖ್ಯೆಯನ್ನು ಬರೆದಿಟ್ಟುಕೋ. ಅಂಗಡಿಯವನಿಗೆ ‘ಕೋಡ್ 43 ತೋರಿಸುತ್ತಿದೆ’ ಎಂದು ಹೇಳುವ ಗಿರಾಕಿಗೆ ಸಿಗುವ ಉತ್ತರವೇ ಬೇರೆ.

10 ಅಥವಾ 43 ಬಂದರೆ ಡ್ರೈವರ್ ಕಿತ್ತುಹಾಕುವ ಮೊದಲು ಕಂಪ್ಯೂಟರನ್ನು ನಿಜವಾಗಿ ಆರಿಸಿ ನೋಡು. ‘ನಿಜವಾಗಿ’ ಎಂದದ್ದಕ್ಕೆ ಕಾರಣವಿದೆ. 2012ರ ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂದಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್‌ನ ಒಳತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮರುದಿನ ಹಾಗೆಯೇ ವಾಪಸ್ ಬರುತ್ತದೆ. ನಿನ್ನೆಯ ತಗಾದೆ ಇವತ್ತಿಗೂ ಮುಂದುವರಿಯುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಮೊದಲು ರೀಸ್ಟಾರ್ಟ್. ಅದಕ್ಕೂ ಬಗ್ಗದಿದ್ದರೆ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿ. ಡೆಸ್ಕ್‌ಟಾಪ್ ಆರಿದಂತೆ ಕಂಡರೂ ಗೋಡೆಯ ಕರೆಂಟ್ ಇರುವಷ್ಟು ಹೊತ್ತು ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಎಷ್ಟೋ ಬೋರ್ಡ್‌ಗಳಲ್ಲಿ ಯುಎಸ್‌ಬಿ ಪೋರ್ಟಿಗೂ ಅದು ಹರಿಯುತ್ತದೆ. ಅದು ನಿಂತಾಗಲೇ ಸಿಕ್ಕಿಬಿದ್ದ ಚಿಪ್ಪು ಬಿಡುಗಡೆಯಾಗುವುದು. ಇಷ್ಟರಿಂದಲೇ ಎದ್ದು ಕೂತ ಅಡಾಪ್ಟರ್‌ಗಳನ್ನು ಬಹಳ ಕಂಡಿದ್ದೇನೆ.

ಪಟ್ಟಿಯಲ್ಲಿ ಅಡಾಪ್ಟರಿನ ಹೆಸರೇ ಇಲ್ಲದಿದ್ದರೆ? ನಿಮ್ಮದು ಹೆಬ್ಬೆರಳ ಉಗುರಿನಷ್ಟಿರುವ ಯುಎಸ್‌ಬಿ ಅಡಾಪ್ಟರ್ ಅಲ್ಲವೇ, ಅದನ್ನು ಕಿತ್ತು ಬೇರೆ ಪೋರ್ಟಿಗೆ ಹಾಕು. ಅಲ್ಲಿ ಕಂಡರೆ ದೋಷ ಮೊದಲಿನ ಪೋರ್ಟಿನದ್ದು. ಎಲ್ಲೂ ಕಾಣದಿದ್ದರೆ ಗೆಳತಿಯ ಲ್ಯಾಪ್‌ಟಾಪಿಗೆ ಹಾಕಿ ನೋಡು. ಅಲ್ಲೂ ಸತ್ತಂತಿದ್ದರೆ ಅದರ ಆಯುಷ್ಯ ಮುಗಿದಿದೆ ಎಂದುಕೋ. ಲ್ಯಾಪ್‌ಟಾಪ್ ಇರುವವರು ಇಷ್ಟಕ್ಕೆಲ್ಲ ಮೊದಲು ಏರೋಪ್ಲೇನ್ ಮೋಡ್ ಮತ್ತು ಕೀಬೋರ್ಡಿನ ಮೇಲಿನ ಸಾಲಿನ ಗೋಪುರದ ಚಿತ್ರವಿರುವ ಕೀ ನೋಡಿಕೊಳ್ಳಲಿ. ಹಳೆಯ ಮಾದರಿಗಳಲ್ಲಿ ಪಕ್ಕದಲ್ಲೇ ಒಂದು ಸಣ್ಣ ಸರಿಸುವ ಸ್ವಿಚ್ ಇರುತ್ತದೆ. ಚೀಲದಲ್ಲಿ ತುರುಕುವಾಗ ಅದು ಸರಿದುಹೋಗಿರುತ್ತದೆ.

ಡ್ರೈವರ್ ಬೇಕಾದಾಗ ಎಲ್ಲರೂ ಕೈಚೆಲ್ಲುವ ಜಾಗ ಒಂದಿದೆ: ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ದಾರಿ ನಿನ್ನ ಕೈಯಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡು. ಕಂಪ್ಯೂಟರ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿಯುತ್ತದೆ. ಫೋನು ಮನೆಯ ವೈಫೈಗೆ ಸೇರಿಕೊಂಡಿದ್ದರೆ ಆ ವೈಫೈಯೇ ಕೇಬಲ್ಲಿನೊಳಗಿಂದ ಹರಿದು ಬರುತ್ತದೆ, ಸಿಮ್ಮಿನ ಡೇಟಾ ಖರ್ಚಾಗದು. ನಿನ್ನ ಪರೀಕ್ಷೆಯ ಅರ್ಜಿ ತುರ್ತಾಗಿದ್ದರೆ ಮೊದಲು ಹೀಗೇ ತುಂಬಿ ಕಳಿಸು, ರಿಪೇರಿಗೆ ಸಮಾಧಾನದಿಂದ ಕೂರು.

ಯಾವ ಡ್ರೈವರ್ ಎಂದು ಡಬ್ಬಿಯ ಮೇಲಿನ ಹೆಸರು ನೋಡಿ ತೀರ್ಮಾನಿಸಬೇಡ, ಒಂದೇ ಹೆಸರಿನ ಅಡಾಪ್ಟರಿನೊಳಗೆ ವರ್ಷಕ್ಕೊಂದು ಚಿಪ್ಪು ಇರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಅದರ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್‌ನಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆಯ್ದುಕೋ. ಉದ್ದನೆಯ ಸಾಲಿನಲ್ಲಿ ತಯಾರಕರ ಗುರುತು ಇರುತ್ತದೆ. ಒಳಗೆ ಕೂರುವ ಕಾರ್ಡಿನಲ್ಲಿ 8086 ಎಂದಿದ್ದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್, 14ಸಿ3 ಎಂದರೆ ಮೀಡಿಯಾಟೆಕ್. ಯುಎಸ್‌ಬಿ ಅಡಾಪ್ಟರಿನಲ್ಲಿ 0ಬಿಡಿಎ ಎಂದಿದ್ದರೆ ಅದೂ ರಿಯಲ್‌ಟೆಕ್. 1978ರಲ್ಲಿ ಬಂದು ತನಗೆ ಹೆಸರು ತಂದ ಪ್ರೊಸೆಸರಿನ ಸಂಖ್ಯೆಯನ್ನೇ ಇಂಟೆಲ್ ತನ್ನ ಗುರುತಾಗಿ ಇಟ್ಟುಕೊಂಡಿದೆ. ಗುರುತು ಸಿಕ್ಕಮೇಲೆ ಕಂಪ್ಯೂಟರ್, ಅಡಾಪ್ಟರ್ ಅಥವಾ ಚಿಪ್ಪು ಮಾಡಿದವರ ಸ್ವಂತ ತಾಣದಿಂದಲೇ ಡ್ರೈವರ್ ಇಳಿಸು. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ’ ಎಂದು ಕರೆಯುವ ತಾಣಗಳ ಕಡೆ ತಲೆ ಹಾಕಬೇಡ, ಬೇಡದ ಸಾಫ್ಟ್‌ವೇರ್ ಮನೆ ಹೊಗುವುದು ಆ ಬಾಗಿಲಿನಿಂದಲೇ. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ತೊಂದರೆ ಶುರುವಾಗಿದ್ದರೆ ಹೊಸದನ್ನು ಹುಡುಕುವ ಮುಂಚೆ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಮರಳು.

ಎರಡನೆಯ ಕಾಯಿಲೆಗೆ ಬರೋಣ. ನೆರೆಯವರ ಹೆಸರು ಕಾಣುತ್ತಿದೆ ಎಂದರೆ ಅಡಾಪ್ಟರ್ ಜೀವಂತವಾಗಿದೆ, ಡ್ರೈವರೂ ಕೆಲಸ ಮಾಡುತ್ತಿದೆ. ನಿಮ್ಮ ರೂಟರಿಗೂ ಅದಕ್ಕೂ ಹೊಂದಿಕೆಯಾಗುತ್ತಿಲ್ಲ, ಅಷ್ಟೆ. ಅಗ್ಗದ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸಿಕೊಳ್ಳುತ್ತವೆ. ರೂಟರ್ 5 ಗಿಗಾಹರ್ಟ್ಸ್‌ನ ಹೆಸರನ್ನಷ್ಟೇ ಹೊರಡಿಸುತ್ತಿದ್ದರೆ ಫೋನಿಗೆ ಕಾಣುತ್ತದೆ, ಈ ಅಡಾಪ್ಟರಿಗೆ ಕಾಣದು. ಇನ್ನೊಂದು ಸೂಕ್ಷ್ಮವಿದೆ. ನಮ್ಮಲ್ಲಿ 2.4ರ ಪಟ್ಟಿಯಲ್ಲಿ 13 ಚಾನೆಲ್‌ಗಳಿವೆ, ಅಮೆರಿಕದ ರೂಢಿಗೆ ಹೊಂದಿಸಿದ ಅಡಾಪ್ಟರ್ 11ಕ್ಕೇ ನಿಲ್ಲುತ್ತದೆ. ರೂಟರ್ ತಾನಾಗಿ 12ಕ್ಕೋ 13ಕ್ಕೋ ಸರಿದ ದಿನ ಕಂಪ್ಯೂಟರಿಗೆ ಮನೆಯ ವೈಫೈ ಮಾಯವಾಗುತ್ತದೆ, ಮರುದಿನ ರೂಟರ್ ಆರಿಸಿ ಹಚ್ಚಿದರೆ ತಾನೇ ಬಂದೀತು. ಭೂತಚೇಷ್ಟೆಯಂತೆ ಕಾಣುವ ಇಂಥ ತೊಂದರೆಗೆ ಮದ್ದು ಸುಲಭ: ರೂಟರಿನ ಸೆಟ್ಟಿಂಗಿನಲ್ಲಿ ಚಾನೆಲ್ಲನ್ನು 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕು. ಒಂದರ ಮೇಲೊಂದು ಬೀಳದಷ್ಟು ದೂರದಲ್ಲಿರುವ ಚಾನೆಲ್‌ಗಳು ಇವು. ಹೆಸರು ಕಂಡು, ಪಾಸ್‌ವರ್ಡ್ ಸರಿಯಿದ್ದೂ ಒಳಗೆ ಬಿಡದಿದ್ದರೆ ರೂಟರಿನ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದೆಯೇ ನೋಡು. ಅದು 2018ರಲ್ಲಿ ಬಂದದ್ದು, ಅದಕ್ಕಿಂತ ಹಳೆಯ ಅಡಾಪ್ಟರ್‌ಗಳಲ್ಲಿ ಅನೇಕಕ್ಕೆ ಅದು ಗೊತ್ತಿಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಆಯ್ಕೆ ಅಲ್ಲೇ ಇರುತ್ತದೆ.

ಸಿಗ್ನಲ್ ಬಂದು ಬಂದು ಹೋಗುತ್ತಿದ್ದರೆ ಅಡಾಪ್ಟರ್ ಕೂತ ಜಾಗವನ್ನು ಅನುಮಾನಿಸು. 2.4ರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಗೋಡೆ, ಬೀರುಗಳಿಗೆ ಬಡಿದು ಮರಳಿದ ಅಲೆ ನೇರ ಬಂದ ಅಲೆಯನ್ನು ಒಂದು ಜಾಗದಲ್ಲಿ ಅಳಿಸಿ, ನಾಲ್ಕು ಬೆರಳು ಆಚೆ ಬಲಪಡಿಸುತ್ತದೆ. ನಿಮ್ಮ ಅಡಾಪ್ಟರ್ ಇರುವುದೋ ಸಿಪಿಯು ಡಬ್ಬಿಯ ಬೆನ್ನಿಗೆ, ಮೇಜಿನ ಕೆಳಗೆ, ತಗಡಿಗೆ ಆನಿಕೊಂಡು. ರೂಟರ್ ಜಗುಲಿಯಲ್ಲಿ, ನಡುವೆ ಮೊಳದಗಲದ ಮಣ್ಣಿನ ಗೋಡೆ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಅದನ್ನು ಮೇಜಿನ ಮೇಲೆ ತಂದಿಡು. ಪೋರ್ಟನ್ನೂ ಗಮನಿಸು. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟುಗಳಲ್ಲಿ ದತ್ತಾಂಶ ಓಡುವಾಗ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಏಳುತ್ತದೆ ಎಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ವಿವರಿಸಿದೆ. ಪಕ್ಕದ ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಹಾಕಿದಾಗಲೆಲ್ಲ ವೈಫೈ ಕುಗ್ಗುತ್ತಿದ್ದರೆ ಕಾರಣ ಅದೇ. ಇನ್ನು ಹತ್ತು ನಿಮಿಷ ಸುಮ್ಮನೆ ಬಿಟ್ಟಾಗ ಮಾತ್ರ ಕಡಿಯುತ್ತದೆಯೋ? ಹಾಗಿದ್ದರೆ ಅಡಾಪ್ಟರಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ವಿದ್ಯುತ್ ಉಳಿಸಲು ಅದನ್ನು ಆರಿಸಬಹುದು ಎಂಬ ಸಾಲಿನ ಗುರುತು ತೆಗೆದುಹಾಕು.

ಮೂರನೆಯ ಕಾಯಿಲೆಯಲ್ಲಿ ರೇಡಿಯೋ ಕೊಂಡಿ ಸರಿಯಿದೆ. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಆದೇಶ ಕೊಡು. ವಿಳಾಸ 169.254ರಿಂದ ಶುರುವಾದರೆ ರೂಟರಿನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಕಲ್ಪಿಸಿಕೊಂಡಿದೆ. ಆ ವೈಫೈ ಹೆಸರನ್ನು ಮರೆಸಿ ಹೊಸದಾಗಿ ಸೇರಿಸು, ರೂಟರನ್ನು ಒಮ್ಮೆ ಆರಿಸಿ ಹಚ್ಚು. 192.168 ಎಂದಿದ್ದರೆ ಮುಂದಿನ ಮೆಟ್ಟಿಲಿಗೆ ಹೋಗು: ಅಲ್ಲೇ ‘ಡೀಫಾಲ್ಟ್ ಗೇಟ್‌ವೇ’ ಎಂದು ಕಾಣುವ ರೂಟರಿನ ವಿಳಾಸಕ್ಕೆ ಪಿಂಗ್ ಮಾಡು, ಆಮೇಲೆ 8.8.8.8ಕ್ಕೆ, ಕೊನೆಗೆ ಯಾವುದಾದರೂ ತಾಣದ ಹೆಸರಿಗೆ. ಎಲ್ಲಿ ಉತ್ತರ ನಿಲ್ಲುತ್ತದೋ ದೋಷ ಅದರ ಹಿಂದಿನ ಮೆಟ್ಟಿಲಿಗೂ ಅದಕ್ಕೂ ನಡುವೆ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಅದು ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ನ ತೊಂದರೆ. ಪಿಂಗ್ ಎಲ್ಲ ಸರಿಯಿದ್ದೂ ಬ್ರೌಸರ್ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ತಕರಾರು ಮಾಡಿದರೆ ಪರದೆಯ ಮೂಲೆಯ ತಾರೀಖು ನೋಡು. ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಎಂಬ ಬಿಲ್ಲೆಯಂಥ 3 ವೋಲ್ಟಿನ ಸೆಲ್ ಮುಗಿದಿದೆ. ತಾರೀಖು ತಪ್ಪಿದರೆ ತಾಣಗಳ ಭದ್ರತಾ ಪ್ರಮಾಣಪತ್ರ ಹೊಂದುವುದಿಲ್ಲ. ಪಾಪದ ಅಡಾಪ್ಟರಿಗೆ ಸುಮ್ಮನೆ ಬೈಗುಳ.

ವಿಂಡೋಸ್‌ನ ‘ನೆಟ್‌ವರ್ಕ್ ರೀಸೆಟ್’ ಬ್ರಹ್ಮಾಸ್ತ್ರ, ಕೊನೆಗೆ ಇಟ್ಟುಕೋ. ಅದು ಅಡಾಪ್ಟರ್‌ಗಳನ್ನು ತೆಗೆದು ಹೊಸದಾಗಿ ಕೂರಿಸುತ್ತದೆ, ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೂ ಹೋಗುತ್ತವೆ. ರೂಟರಿನ ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಇದ್ದರೆ ಮಾತ್ರ ಅದಕ್ಕೆ ಕೈಹಾಕು.

ಎಲ್ಲಿ ನಿಲ್ಲಿಸಬೇಕು ಎನ್ನುವುದೂ ತಿಳಿದಿರಲಿ. ಸಿಡಿಲಿನ ರಾತ್ರಿಯ ನಂತರ ಯಾವ ಪೋರ್ಟಿನಲ್ಲೂ, ಯಾವ ಕಂಪ್ಯೂಟರಿನಲ್ಲೂ ಕಾಣದ ಅಡಾಪ್ಟರಿನ ಮೇಲೆ ಭಾನುವಾರ ಕಳೆಯಬೇಡ. ಸಾವಿರ ರೂಪಾಯಿಯೊಳಗೆ ಹೊಸದು ಸಿಗುತ್ತದೆ, 2.4 ಮತ್ತು 5 ಎರಡೂ ಹಿಡಿಯುವ ‘ಡ್ಯುಯಲ್ ಬ್ಯಾಂಡ್’ ಕೇಳಿ ತಗೋ. ಲ್ಯಾಪ್‌ಟಾಪಿನ ಒಳಗಿನ ಕಾರ್ಡ್ ಹೋದವರಿಗೂ ಇದೇ ಅಗ್ಗದ ಉಪಾಯ. ಅಂಗಡಿಗೇ ಹೋಗಬೇಕಾಗಿ ಬಂದರೆ ನಿನ್ನ ನೋಟ್‌ಬುಕ್ಕಿನ ಪುಟ ಓದಿ ಹೇಳು: ಅಡಾಪ್ಟರ್ ಕಾಣುತ್ತದೆ, ಕೋಡ್ ಇಷ್ಟು, ಬೇರೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಎಲ್ಲಿಯವರೆಗೆ ಸರಿಯಿದೆ ಎಂದು ಹೇಳಬಲ್ಲವಳಿಗೆ ಯಾರೂ ‘ಬಿಟ್ಟು ಹೋಗಿ, ಫಾರ್ಮ್ಯಾಟ್ ಮಾಡಿ ಇಡ್ತೀವಿ’ ಎನ್ನಲಾರರು.

ಒಂದೇ ಒಂದು ಮಾತು ಉಳಿದಿದೆ. ನಿಮ್ಮ ಮನೆಯದು ಸರಿಹೋದ ಸುದ್ದಿ ಹಬ್ಬಿದರೆ ಪಕ್ಕದ ಮನೆಯ ಚಿಕ್ಕಮ್ಮನಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರೂ ನಿನ್ನನ್ನು ಕರೆಯುತ್ತಾರೆ. ಹೋಗು, ಆದರೆ ಅವರ ಕೈಯಿಂದ ಮೌಸ್ ಕಸಿದುಕೊಂಡು ಚಕಚಕ ಒತ್ತಿ ಬರಬೇಡ. ಮೌಸ್ ಅವರ ಕೈಯಲ್ಲೇ ಇರಲಿ. ‘ಫೋನಿಗೆ ಬರ್ತಿದೆಯಾ ಚಿಕ್ಕಮ್ಮ? ಬೇರೆಯವರ ಹೆಸರು ಕಾಣ್ತಿದೆಯಾ?’ ಎಂದು ಕೇಳುತ್ತಾ ಹೋಗು. ಮುಂದಿನ ಸಲ ಅರ್ಧ ಕೆಲಸ ಅವರೇ ಮುಗಿಸಿರುತ್ತಾರೆ, ನಿನ್ನ ಓದಿಗೂ ಸಮಯ ಉಳಿಯುತ್ತದೆ. ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಪ್ರೀತಿಯ,
ಮಾವ