ವಿಕಲಚೇತನರ ಸ್ವತಂತ್ರ ಜೀವನ: ಧನವೆಲ್ಲಿ ಸಲ್ಲಬೇಕು?

ಅನ್ಯರ ಕೈ ಕಾಯದೆ ತನ್ನ ದಿನದ ಕೆಲಸವನ್ನು ತಾನೇ ನಡೆಸಿಕೊಳ್ಳಬೇಕೆಂಬ ಆಸೆ ಮನುಷ್ಯರೆಲ್ಲರಿಗೂ ಸಹಜವಾದುದು. ಬೆಳಿಗ್ಗೆ ಎದ್ದು ಸ್ನಾನ ಮಾಡುವುದು, ಬೇಕೆನಿಸಿದಾಗ ಮನೆಯಿಂದ ಹೊರಡುವುದು, ತನ್ನ ದುಡಿಮೆಯ ಹಣವನ್ನು ತಾನೇ ಎಣಿಸಿಕೊಳ್ಳುವುದು, ಇವೆಲ್ಲ ಸಣ್ಣ ಸಂಗತಿಗಳಂತೆ ತೋರುತ್ತವೆ. ಇವುಗಳ ನಿಜವಾದ ಬೆಲೆ ಇವು ತಪ್ಪಿಹೋದವರಿಗಷ್ಟೇ ಗೊತ್ತು. ವಿಕಲಚೇತನರ ವಿಷಯದಲ್ಲಿ 'ಸ್ವತಂತ್ರ ಜೀವನ' ಎಂಬ ಮಾತನ್ನು ಬಳಸುವಾಗ ಅದರ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಯಾರ ನೆರವೂ ಇಲ್ಲದೆ ಬದುಕಬಲ್ಲ ಮನುಷ್ಯನು ಲೋಕದಲ್ಲಿ ಯಾರೂ ಇಲ್ಲ. ಯಾವ ನೆರವು, ಯಾವ ಹೊತ್ತಿಗೆ, ಯಾರಿಂದ ಬೇಕೆಂಬುದನ್ನು ಆ ವ್ಯಕ್ತಿಯೇ ನಿರ್ಧರಿಸುವಂತಾಗುವುದೇ ಸ್ವತಂತ್ರ ಜೀವನ.

ಅಮೆರಿಕದ ಬರ್ಕ್ಲಿ ನಗರದಲ್ಲಿ 1972ರಲ್ಲಿ ವಿಕಲಚೇತನರೇ ಮುಂದಾಗಿ ಸ್ಥಾಪಿಸಿದ ಕೇಂದ್ರವೊಂದರಿಂದ ಈ ವಿಚಾರಕ್ಕೆ ಜಗತ್ತಿನಲ್ಲಿ ಪ್ರಚಾರ ದೊರೆಯಿತು. ಆದರೆ ನಮ್ಮ ನಾಡಿನಲ್ಲಿ ಅದಕ್ಕೂ ಮೊದಲೇ, 1959ರಲ್ಲಿ, ಸ್ವತಃ ಅಂಗವೈಕಲ್ಯವಿದ್ದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. ಅದು ಇಂದು 'ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ವಿಚಾರವು ನಮಗೆ ಹೊಸದಲ್ಲ. ಅದಕ್ಕೆ ಸಲ್ಲಬೇಕಾದ ಧನ ಎಲ್ಲಿಂದ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ, ನಿಂತಲ್ಲಿ ನಮ್ಮಂಥವರು ಮಾಡಬಹುದಾದುದೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ನೆರವಿನ ಮೂಲಗಳು

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರಕ್ಕೂ ಹೆಚ್ಚು ವಿಕಲಚೇತನರಿದ್ದರು. ಆ ಗಣತಿಯಲ್ಲಿ 8 ಬಗೆಯ ವೈಕಲ್ಯಗಳನ್ನು ಮಾತ್ರ ಕೇಳಲಾಗಿತ್ತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಗಳನ್ನು ಗುರುತಿಸಿದೆ. ಆದುದರಿಂದ ನೆರವಿಗೆ ಅರ್ಹರಾದವರ ಸಂಖ್ಯೆ ಆ ಲೆಕ್ಕಕ್ಕಿಂತ ದೊಡ್ಡದೆಂದೇ ಭಾವಿಸಬೇಕು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಈ ಅಧಿನಿಯಮ ಕೊಟ್ಟಿದೆ. 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದೂ ವಿಧಿಸಿದೆ. ಅಧ್ಯಾಪಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಸಾಧನಗಳನ್ನು ಒದಗಿಸಲು ಕೇಂದ್ರ ಸರಕಾರವು 1981ರಲ್ಲಿ 'ಅಡಿಪ್' ಎಂಬ ಯೋಜನೆಯನ್ನು ಆರಂಭಿಸಿತು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ 'ಅಲಿಮ್ಕೊ' ಎಂಬ ಸರಕಾರಿ ಸಂಸ್ಥೆಯು ಇದಕ್ಕಾಗಿ ತ್ರಿಚಕ್ರ ವಾಹನ, ಗಾಲಿಕುರ್ಚಿ, ಊರುಗೋಲು, ಕೃತಕ ಅವಯವ ಮೊದಲಾದವನ್ನು ತಯಾರಿಸುತ್ತ ಬಂದಿದೆ. ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಯಂತ್ರಚಾಲಿತ ದ್ವಿಚಕ್ರ ವಾಹನ, ಬ್ರೈಲ್ ಕಿಟ್, ಮಾತನಾಡುವ ಲ್ಯಾಪ್‌ಟಾಪ್, ಹೊಲಿಗೆ ಯಂತ್ರ ಮುಂತಾದವನ್ನು ಕೊಡುವ ಯೋಜನೆಗಳನ್ನು ನಡೆಸಿದೆ. ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯ ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡುವ ವ್ಯವಸ್ಥೆಯೂ ನಮ್ಮ ರಾಜ್ಯದಲ್ಲಿದೆ. ಕಾರ್ಖಾನೆಯಲ್ಲಿ ಅಪಘಾತಕ್ಕೀಡಾದ ಕಾರ್ಮಿಕನಿಗೆ ಇ.ಎಸ್.ಐ. ವಿಮೆಯಿಂದ ಚಿಕಿತ್ಸೆ, ಕೃತಕ ಅವಯವ ಹಾಗೂ ಗಳಿಕೆಯ ಶಕ್ತಿ ಕುಂದಿದ ಪ್ರಮಾಣಕ್ಕನುಗುಣವಾದ ಮಾಸಿಕ ಪರಿಹಾರ ದೊರೆಯುತ್ತದೆ. ಇವಲ್ಲದೆ 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕಾಗಿದ್ದು, ವಿಕಲಚೇತನರ ಶಿಕ್ಷಣ ಹಾಗೂ ಜೀವನೋಪಾಯಗಳೂ ಅದರ ವ್ಯಾಪ್ತಿಗೆ ಸೇರುತ್ತವೆ.

ಹೀಗೆ ಮೂಲಗಳು ಹಲವಾಗಿವೆ. ಆದರೂ ಕೊಟ್ಟ ಗಾಲಿಕುರ್ಚಿ ಮನೆಯ ಹಿಂಬದಿಯಲ್ಲಿ ತುಕ್ಕು ಹಿಡಿದು ನಿಂತಿರುವುದನ್ನೂ, ಶ್ರವಣ ಸಾಧನ ಪೆಟ್ಟಿಗೆಯಲ್ಲಿಯೇ ಉಳಿದಿರುವುದನ್ನೂ ನಾವು ಕಾಣುತ್ತೇವೆ. ಇದಕ್ಕೆ ಕಾರಣವೇನು?

ಎಂಟು ಹೆಜ್ಜೆಗಳು

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಗಾಲಿಕುರ್ಚಿ ಸೇವೆಯ ಬಗೆಗೆ ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. ಅದರಂತೆ ಸೇವೆಯು 8 ಹೆಜ್ಜೆಗಳಲ್ಲಿ ಸಾಗುತ್ತದೆ: ಅಗತ್ಯವಿರುವವರನ್ನು ಗುರುತಿಸಿ ಕಳುಹಿಸುವುದು, ಅವರ ದೇಹಸ್ಥಿತಿ ಮತ್ತು ಮನೆಯ ಪರಿಸರವನ್ನು ಪರೀಕ್ಷಿಸುವುದು, ಸರಿಯಾದ ಕುರ್ಚಿಯನ್ನು ಆರಿಸುವುದು, ಹಣ ಒದಗಿಸಿ ಕುರ್ಚಿಯನ್ನು ತರಿಸುವುದು, ಅದನ್ನು ಸಿದ್ಧಗೊಳಿಸುವುದು, ಅಳತೆಗೆ ಹೊಂದಿಸುವುದು, ಬಳಸುವ ಕ್ರಮವನ್ನು ಕಲಿಸುವುದು, ಕೊನೆಯದಾಗಿ ಆಗಾಗ ವಿಚಾರಿಸಿ ದುರಸ್ತಿ ಮಾಡುವುದು. ಇವುಗಳಲ್ಲಿ ಹಣದ ಹೆಜ್ಜೆ 4ನೆಯದು. ಅದರ ಮುಂದೆ ಇನ್ನೂ ನಾಲ್ಕು ಹೆಜ್ಜೆಗಳಿವೆ. ವೇದಿಕೆಯ ಮೇಲೆ ಸಾಧನವನ್ನು ಹಸ್ತಾಂತರಿಸಿ ಛಾಯಾಚಿತ್ರ ತೆಗೆಸಿಕೊಂಡಾಗ ಕಾರ್ಯ ಮುಗಿಯಿತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಆಗ ಅರ್ಧ ದಾರಿಯಷ್ಟೇ ಸಾಗಿರುತ್ತದೆ.

ಉಳಿದ ಅರ್ಧ ದಾರಿಯ ಮಹತ್ವವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಬೆನ್ನುಹುರಿಗೆ ಪೆಟ್ಟಾದವನಿಗೆ ಹಲವು ವೇಳೆ ಸೊಂಟದ ಕೆಳಗೆ ಸ್ಪರ್ಶಜ್ಞಾನವಿರುವುದಿಲ್ಲ. ಅಳತೆಗೆ ಹೊಂದದ ಕುರ್ಚಿಯಲ್ಲಿ, ಸರಿಯಾದ ಮೆತ್ತೆಯಿಲ್ಲದೆ, ಬಹಳ ಹೊತ್ತು ಕುಳಿತರೆ ಚರ್ಮ ನಜ್ಜಿ ಒತ್ತಡದ ಹುಣ್ಣಾಗುತ್ತದೆ. ನೋವು ತಿಳಿಯದ ಕಾರಣ ಹುಣ್ಣು ಒಳಗೊಳಗೇ ಬೆಳೆಯುತ್ತದೆ. ಅದರ ನಂಜು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಕೈಯೂರಿ ಆಗಾಗ ಮೈಯನ್ನು ಮೇಲೆತ್ತಬೇಕು, ಪ್ರತಿದಿನ ಕನ್ನಡಿ ಹಿಡಿದು ಚರ್ಮವನ್ನು ಪರೀಕ್ಷಿಸಿಕೊಳ್ಳಬೇಕು ಎಂಬ ಎರಡು ಮಾತುಗಳನ್ನು ಕಲಿಸಲು ಹೆಚ್ಚಿನ ವೆಚ್ಚವಿಲ್ಲ. ಆದರೆ ಕಲಿಸುವವರು ಬೇಕು. ಕೃತಕ ಕಾಲಿನ ವಿಷಯವೂ ಹೀಗೆಯೇ. ಶಸ್ತ್ರಚಿಕಿತ್ಸೆಯ ನಂತರ ಮೊದಲ ತಿಂಗಳುಗಳಲ್ಲಿ ಉಳಿದ ಕಾಲಿನ ಭಾಗ ಕುಗ್ಗುವುದರಿಂದ ಅದನ್ನು ಕೂರಿಸುವ ಬಟ್ಟಲನ್ನು ಮತ್ತೆ ಸರಿಪಡಿಸಬೇಕಾಗುತ್ತದೆ. ಮಕ್ಕಳು ಬೆಳೆದಂತೆಲ್ಲ ಅವರ ಸಾಧನವನ್ನೂ ಬದಲಿಸಬೇಕಾಗುತ್ತದೆ.

ಬೈಕಂಪಾಡಿಯ ಉದಾಹರಣೆ

ಈ ಮಾತನ್ನು ಊರೊಂದಕ್ಕೆ ಅನ್ವಯಿಸಿ ನೋಡುವುದು ಉಚಿತ. ಮಂಗಳೂರಿನ ಉತ್ತರಕ್ಕೆ, ಪಣಂಬೂರು ಬಂದರಿನ ಸಮೀಪದಲ್ಲಿರುವ ಬೈಕಂಪಾಡಿಯು ಒಂದೆಡೆ ಮೀನುಗಾರರ ಊರು, ಇನ್ನೊಂದೆಡೆ ಕೈಗಾರಿಕಾ ಪ್ರದೇಶ. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರೆಂದು ಘೋಷಿತವಾದ ಮೇಲೆ ಈ ಭಾಗದ ಚಹರೆಯೇ ಬದಲಾಯಿತು. ಪಶ್ಚಿಮಕ್ಕೆ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66, ಅದರಾಚೆಗೆ ಕಾರ್ಖಾನೆಗಳು ಮತ್ತು ಕೃಷಿ ಮಾರುಕಟ್ಟೆಯ ಅಂಗಳ.

ಇಂಥ ಊರಿನಲ್ಲಿ ಗಾಲಿಕುರ್ಚಿಯು ಎದುರಿಸುವ ಮೊದಲ ಶತ್ರು ಉಪ್ಪುಗಾಳಿ. ಒಳನಾಡಿನಲ್ಲಿ ಹಲವು ವರ್ಷ ಬಾಳುವ ಉಕ್ಕಿನ ಚೌಕಟ್ಟು ಕಡಲ ತೀರದಲ್ಲಿ ಬೇಗನೆ ತುಕ್ಕು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಬೇರಿಂಗಿನೊಳಗೆ ನೀರೂ ಮರಳೂ ಸೇರಿ ಗಾಲಿ ಬಿಗಿಯುತ್ತದೆ. ಅಡಿಪ್ ಯೋಜನೆಯ ನಿಯಮದಂತೆ, ಒಮ್ಮೆ ಸಾಧನ ಪಡೆದವರು ಅದೇ ಉದ್ದೇಶಕ್ಕೆ ಮತ್ತೆ ನೆರವು ಪಡೆಯಲು 3 ವರ್ಷ ಕಾಯಬೇಕು. 12 ವರ್ಷದೊಳಗಿನ ಮಕ್ಕಳಿಗೆ ಈ ಅವಧಿ 1 ವರ್ಷ. ಗಾಲಿ ಬಿಗಿದದ್ದು ಮೊದಲ ಮಳೆಗಾಲದಲ್ಲಿಯೇ ಆದರೆ ಉಳಿದ ಕಾಲವನ್ನು ಆತ ಕಳೆಯುವುದೆಲ್ಲಿ? ಮನೆಯ ಜಗಲಿಯಲ್ಲಿ. ಕೆಲವೇ ರೂಪಾಯಿಗಳ ಗ್ರೀಸು, ಒಂದು ಜೊತೆ ಬೇರಿಂಗು, ಒಬ್ಬ ಮೆಕ್ಯಾನಿಕ್ಕಿನ ಅರ್ಧ ದಿನದ ಕೆಲಸ, ಇವು ದೊರೆಯದ ಕಾರಣಕ್ಕೆ ಸಾವಿರಾರು ರೂಪಾಯಿಗಳ ಸಾಧನವೂ ಒಬ್ಬನ ಓಡಾಟವೂ ನಷ್ಟವಾಗುತ್ತವೆ. ವಿಚಿತ್ರವೆಂದರೆ, ಲೇತ್ ಯಂತ್ರವೂ ವೆಲ್ಡಿಂಗ್ ಕೆಲಸವೂ ತಿಳಿದ ಕುಶಲಕರ್ಮಿಗಳು ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿಯೇ ಇದ್ದಾರೆ.

ಎರಡನೆಯ ಅಡ್ಡಿ ಮೆಟ್ಟಿಲು. ಮಳೆನೀರು ಒಳಬಾರದಂತೆ ನಮ್ಮ ಕರಾವಳಿಯ ಮನೆಗಳನ್ನು ಎತ್ತರದ ಪಂಚಾಂಗದ ಮೇಲೆ ಕಟ್ಟುವುದು ರೂಢಿ. ಗಾಲಿಕುರ್ಚಿ ಏರುವ ಇಳಿಜಾರಿಗೆ 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು. ಅರ್ಧ ಅಡಿಯ 3 ಮೆಟ್ಟಿಲುಗಳಿರುವ ಮನೆಗೆ 18 ಅಡಿ ಇಳಿಜಾರು ಬೇಕಾಗುತ್ತದೆ. ಅಂಗಳ ಚಿಕ್ಕದಾಗಿದ್ದರೆ ಅದನ್ನು ನಡುವೆ ತಿರುಗಿಸಿ ಕಟ್ಟಬೇಕು. ಪಾಚಿ ಕಟ್ಟದಂತೆ ನೆಲ ಒರಟಾಗಿರಬೇಕು, ಪಕ್ಕದಲ್ಲಿ ಹಿಡಿಕೆಯಿರಬೇಕು. ಕುರ್ಚಿಗೆ ಹಣ ಕೊಟ್ಟವರು ಈ 18 ಅಡಿಗೂ ಕೊಡದಿದ್ದರೆ ಕುರ್ಚಿ ಮನೆಯೊಳಗಿನ ಪೀಠವಾಗಿ ಉಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ನೆಲವನ್ನೂ ಬದುಕನ್ನೂ ನೋಡಿ ರೂಪಿಸಿದ ಸಾಧನ ಹೇಗಿರುತ್ತದೆಂಬುದಕ್ಕೆ 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ. ಕೆ. ಸೇಠಿ ಅವರು ರೂಪಿಸಿದ ಜೈಪುರ ಪಾದವೇ ಸಾಕ್ಷಿ. ಅದನ್ನು ತೊಟ್ಟು ಬರಿಗಾಲಿನವರಂತೆ ಒದ್ದೆ ನೆಲದಲ್ಲಿ ನಡೆಯಬಹುದು, ಕುಕ್ಕರಗಾಲಿನಲ್ಲಿ ಕೂರಬಹುದು.

ಶ್ರವಣ ಮತ್ತು ದೃಷ್ಟಿ

ಶ್ರವಣ ಸಾಧನಕ್ಕೂ ಕರಾವಳಿಯ ತೇವವೇ ವೈರಿ. ರಾತ್ರಿ ಅದನ್ನು ತೇವ ಹೀರುವ ಸಿಲಿಕಾ ಹರಳುಗಳಿರುವ ಡಬ್ಬಿಯಲ್ಲಿಟ್ಟರೆ ಹೆಚ್ಚು ಕಾಲ ಬಾಳುತ್ತದೆ. ಬೆಳೆಯುವ ಮಗುವಿನ ಕಿವಿಯ ಅಚ್ಚನ್ನು ಆಗಾಗ ಹೊಸದಾಗಿ ತೆಗೆಯಬೇಕು. ಇಲ್ಲವಾದರೆ ಸಾಧನ ಕೀರಲು ಸದ್ದು ಮಾಡತೊಡಗಿ ಮಗು ಅದನ್ನು ಕಿತ್ತೆಸೆಯುತ್ತದೆ. ಮೈಸೂರಿನಲ್ಲಿ 1965ರಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರ ನಮ್ಮ ರಾಜ್ಯದಲ್ಲಿರುವುದು ನಮ್ಮ ಭಾಗ್ಯ. ಆದರೆ ಬ್ಯಾಟರಿ ಮುಗಿದ ದಿನ ಮಗುವಿನ ಪಕ್ಕದಲ್ಲಿರುವವರು ತರಗತಿಯ ಅಧ್ಯಾಪಕರು. ಅದನ್ನು ಗುರುತಿಸುವ ಅಭ್ಯಾಸ ಅವರಿಗಿರಬೇಕು.

ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಇಂದು ಕಂಪ್ಯೂಟರೇ ಕನ್ನಡವನ್ನು ಓದಿ ಹೇಳಬಲ್ಲದು. ಎನ್.ವಿ.ಡಿ.ಎ. ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಆದರೆ ನಾವು ಪಾಠದ ಟಿಪ್ಪಣಿಯನ್ನು ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದರೆ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪುಟದ ಚಿತ್ರ ತೆಗೆದು ಕಳುಹಿಸಿದರೆ ಏನೂ ಕಾಣುವುದಿಲ್ಲ. ಯುನಿಕೋಡ್ ಕ್ರಮದಲ್ಲಿ ಬೆರಳಚ್ಚು ಮಾಡಿದರೆ ಅದೇ ಪಾಠ ಅವನ ಕಿವಿಗೆ ಮುಟ್ಟುತ್ತದೆ. ಇದಕ್ಕೆ ದಾನಿಗಳ ಒಂದು ರೂಪಾಯಿಯೂ ಬೇಕಾಗಿಲ್ಲ. ನಮ್ಮ ಕಚೇರಿಯ ಪದ್ಧತಿ ಬದಲಾದರೆ ಸಾಕು.

ಗದುಗಿನ ಪಾಠ

ಧನವು ಹೇಗೆ ಸಲ್ಲಬೇಕೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಹಿರಿಯ ನಿದರ್ಶನವಿದೆ. ಹಾನಗಲ್ಲಿನ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ, ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು (1892–1944) ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ದೃಷ್ಟಿಹೀನ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದರು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಆ ಕಾರ್ಯವನ್ನು ದಶಕಗಳ ಕಾಲ ಮುಂದುವರಿಸಿದರು. ಅವರಿಗೆ 2010ರಲ್ಲಿ ಪದ್ಮಭೂಷಣ ಗೌರವ ಸಂದಿತು. ಅಲ್ಲಿ ಮಗುವಿನ ಕೈಗೆ ಹಾರ್ಮೋನಿಯಂ ಕೊಟ್ಟು ಮನೆಗೆ ಕಳುಹಿಸಲಿಲ್ಲ. ಅನ್ನ, ವಸತಿ, ಗುರುವಿನ ಸಾನ್ನಿಧ್ಯ ಇವನ್ನೆಲ್ಲ ವರ್ಷಗಟ್ಟಲೆ ಕೊಟ್ಟು, ಆ ವಿದ್ಯೆ ಹೊಟ್ಟೆಗೆ ಆಧಾರವಾಗುವವರೆಗೆ ಜೊತೆಗಿದ್ದರು. ಭಕ್ತರ ಕಾಣಿಕೆಯು ಒಂದು ದಿನದ ಸಮಾರಂಭಕ್ಕೆ ಮುಗಿಯದೆ ನಿತ್ಯದ ದಾಸೋಹವಾಗಿ ಹರಿಯಿತು. ಆಶ್ರಮದಿಂದ ಹೊರಬಂದವರು ಗಾಯಕರಾಗಿ, ಸಂಗೀತ ಶಿಕ್ಷಕರಾಗಿ ತಮ್ಮ ಕಾಲ ಮೇಲೆ ನಿಂತರು.

ನಾವು ಮಾಡಬಹುದಾದುದು

ಈ ವಿವೇಚನೆಯಿಂದ ಕೆಲವು ಕರ್ತವ್ಯಗಳು ತಾವಾಗಿಯೇ ಹೊರಡುತ್ತವೆ. ದಾನಿಗಳು ಸಾಧನವೊಂದಕ್ಕೆ ಹಣ ಕೊಡುವಾಗ ಅದರ ಅಳತೆ, ತರಬೇತಿ ಮತ್ತು ದುರಸ್ತಿಗೂ ಒಂದು ಭಾಗವನ್ನು ಪ್ರತ್ಯೇಕವಾಗಿ ತೆಗೆದಿಡಲಿ. ಹತ್ತು ಕುರ್ಚಿಗಳನ್ನು ಕೊಡುವ ಬದಲು ಏಳನ್ನು ಕೊಟ್ಟು ಆ ಏಳೂ ಸದಾ ಉರುಳುವಂತೆ ನೋಡಿಕೊಳ್ಳುವುದು ಮೇಲು. ಕಾರ್ಖಾನೆ, ವರ್ಕ್‌ಶಾಪುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ದುರಸ್ತಿ ಶಿಬಿರ ನಡೆಸಲಿ. ಉದ್ಯಮಿಗಳಾಗಿರುವವರು ಒಂದು ನಿಯಮವನ್ನು ನೆನಪಿಡಲಿ: 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯು ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ, ವಿಕಲಚೇತನರಿಗೆ ತಕ್ಕ ಹುದ್ದೆಗಳನ್ನು ಗುರುತಿಸಿ, ಸಂಪರ್ಕಾಧಿಕಾರಿಯನ್ನು ನೇಮಿಸಬೇಕೆಂದು 2017ರ ನಿಯಮಾವಳಿ ಹೇಳುತ್ತದೆ. ಅಧ್ಯಾಪಕರು ಮಗುವಿನ ವೈಕಲ್ಯ ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಗುರುತಿನ ಚೀಟಿ ಆಗಿದೆಯೇ ಎಂದು ವಿಚಾರಿಸಲಿ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಪರಿಚಯ ಪ್ರತಿಯೊಂದು ಶಾಲೆಗೂ ಇರಬೇಕು. ಎಲ್ಲಕ್ಕೂ ಮಿಗಿಲಾಗಿ, ಸಾಧನ ಬಳಸುವವರನ್ನೇ ಮೊದಲು ಕೇಳಬೇಕು. ತನ್ನ ಮನೆಯ ಬಾಗಿಲಿನ ಅಗಲವೂ ತನ್ನ ಬೆನ್ನಿನ ನೋವೂ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿಯದು.

ವಿಶ್ವ ಆರೋಗ್ಯ ಸಂಸ್ಥೆಯು ಯುನಿಸೆಫ್ ಜೊತೆಗೂಡಿ 2022ರಲ್ಲಿ ಹೊರತಂದ ವರದಿಯಂತೆ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಾದರೂ ಸಹಾಯಕ ಸಾಧನದ ಅಗತ್ಯವಿದೆ. ಸುಮಾರು 100 ಕೋಟಿ ಜನರಿಗೆ ಅದು ದೊರೆತಿಲ್ಲ. ಕನ್ನಡಕವೂ ಆ ಪಟ್ಟಿಯಲ್ಲಿದೆ. ವಯಸ್ಸಾದಂತೆ ನಮ್ಮಲ್ಲಿ ಬಹುಮಂದಿ ಆ ಪಟ್ಟಿಗೆ ಸೇರುವವರೇ. ಆದುದರಿಂದ ಈ ಕಾರ್ಯವನ್ನು ಯಾರೋ ಕೆಲವರಿಗೆ ನಾವು ತೋರುವ ಕನಿಕರವೆಂದು ಎಣಿಸುವುದು ತಪ್ಪಾದೀತು. ಈ ವರ್ಷ ಸಾಧನ ವಿತರಣೆಗೆ ಕೊಡುಗೆ ನೀಡಿದ ಪ್ರತಿಯೊಬ್ಬರೂ ಮುಂದಿನ ಮಳೆಗಾಲ ಕಳೆದ ಮೇಲೆ ಆ ಮನೆಗೆ ಒಮ್ಮೆ ಹೋಗಿ, ಗಾಲಿ ತಿರುಗುತ್ತಿದೆಯೇ ಎಂದು ನೋಡಿ ಬರಲೆಂದು ಕೋರುತ್ತೇವೆ.