ಶಪೀರನ ಚರ್ಮದ ಪಟ್ಟಿಗಳು: ನಿಜವೋ, ಕೂಟವೋ?

ಪ್ರಾಚೀನ ಲೇಖವೊಂದು ದೊರೆತಾಗ, ಅದು ಏನು ಹೇಳುತ್ತದೆಂಬುದಕ್ಕೆ ಮೊದಲು ಅದು ನಿಜವಾದುದೇ ಎಂದು ಕೇಳುವುದು ಇತಿಹಾಸಕಾರನ ಧರ್ಮ. ಗಂಗರಸರ ತಾಮ್ರಶಾಸನಗಳಲ್ಲಿ ಅನೇಕವು ಕೂಟವೆಂದು ಫ್ಲೀಟರೂ ಅಲ್ಲವೆಂದು ರೈಸರೂ ವಾದಿಸಿದುದನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳು ಕೇಳಿರಬಹುದು. ಅಂತಹುದೇ ವಿವಾದವೊಂದು ಯೆಹೂದ್ಯರ ಧರ್ಮಗ್ರಂಥದ ವಿಷಯದಲ್ಲಿಯೂ ಎದ್ದು, ನೂರನಾಲ್ವತ್ತು ವರ್ಷಗಳು ಕಳೆದರೂ ತೀರದೆ ಉಳಿದಿದೆ.

1883ರಲ್ಲಿ ಯೆರೂಸಲೇಮಿನ ಪ್ರಾಚೀನವಸ್ತುಗಳ ವ್ಯಾಪಾರಿಯಾದ ಮೋಸೆಸ್ ವಿಲ್‌ಹೆಲ್ಮ್ ಶಪೀರನು ಕಪ್ಪಡರಿದ ಕೆಲವು ಚರ್ಮದ ಪಟ್ಟಿಗಳನ್ನು ಲಂಡನ್ನಿಗೆ ಒಯ್ದು, ಬ್ರಿಟಿಷ್ ವಸ್ತುಸಂಗ್ರಹಾಲಯದಿಂದ ಹತ್ತು ಲಕ್ಷ ಪೌಂಡುಗಳನ್ನು ಅಪೇಕ್ಷಿಸಿದನು. ಮೃತಸಮುದ್ರದ ಪೂರ್ವದ ಗುಹೆಯೊಂದರಲ್ಲಿ ಅರಬ್ ಅಲೆಮಾರಿಗಳಿಗೆ ಅವು ದೊರೆತುವೆಂದು ಅವನ ಹೇಳಿಕೆ. ಪಟ್ಟಿಗಳ ಮೇಲೆ ಅತಿ ಪುರಾತನ ಹೀಬ್ರೂ ಲಿಪಿಯಲ್ಲಿ ಮೋಶೆಯ ಕಡೆಯ ಉಪದೇಶವಿದ್ದಿತು. ಅದು ಬೈಬಲ್ಲಿನ ಧರ್ಮೋಪದೇಶಕಾಂಡವನ್ನು ಹೋಲುತ್ತಿದ್ದರೂ ಅದಕ್ಕಿಂತ ಬಹಳ ಚಿಕ್ಕದು. ನಡುವಣ ಕಟ್ಟಳೆಗಳ ದೀರ್ಘ ಭಾಗವೇ ಅದರಲ್ಲಿಲ್ಲ. ದಶಾಜ್ಞೆಗಳಲ್ಲಿ ಸೋದರನನ್ನು ಮನಸ್ಸಿನಲ್ಲಿ ದ್ವೇಷಿಸಬಾರದೆಂಬುದೊಂದು ಸೇರಿದ್ದಿತು. ಇದು ನಿಜವಾಗಿದ್ದರೆ, ಕೋಟ್ಯಂತರ ಜನರು ಪವಿತ್ರವೆಂದು ಪಠಿಸುವ ಗ್ರಂಥವೊಂದು ಹೇಗೆ ಬೆಳೆದು ಬಂದಿತೆಂಬುದಕ್ಕೆ ಪ್ರತ್ಯಕ್ಷ ಸಾಕ್ಷಿ!

ಕ್ರಿಶ್ಚಿಯನ್ ಡೇವಿಡ್ ಗಿನ್ಸ್‌ಬರ್ಗ್ ಎಂಬ ಪಂಡಿತರು ಪಟ್ಟಿಗಳನ್ನು ಓದಿ, ನಕಲು ಮಾಡಿ ಪ್ರಕಟಿಸಿದರು. ಎರಡು ಪಟ್ಟಿಗಳನ್ನು ಜನರ ವೀಕ್ಷಣೆಗೂ ಇಡಲಾಯಿತು. ಅಷ್ಟರಲ್ಲಿ ಫ್ರೆಂಚ್ ವಿದ್ವಾಂಸ ಕ್ಲೆರ್ಮೋ-ಗನ್ನೋ ಅವುಗಳನ್ನು ಸ್ವಲ್ಪ ಕಾಲ ಮಾತ್ರ ನೋಡಿ, ದೇವಾಲಯದ ಹಳೆಯ ಸುರುಳಿಯೊಂದರ ಅಂಚನ್ನು ಕತ್ತರಿಸಿ ಬರೆದ ಕೂಟಕೃತಿಯೆಂದು ಸಾರಿದರು. ಗಿನ್ಸ್‌ಬರ್ಗರ ತೀರ್ಪೂ ಹಾಗೆಯೇ ಆಯಿತು. ಶಪೀರನು ಹಿಂದೆ ಪ್ರಷ್ಯದ ಸರಕಾರಕ್ಕೆ ಮೋವಾಬಿನ ಮಣ್ಣಿನ ಬೊಂಬೆಗಳನ್ನೂ ಪಾತ್ರೆಗಳನ್ನೂ ಮಾರಿದ್ದನು. ಅವು ಹುಸಿಯೆಂದು ಬಯಲಿಗೆಳೆದವರೂ ಈ ಫ್ರೆಂಚರೇ. ಇಲ್ಲಿ ನಿರ್ಣಯವು ಚರ್ಮದ ಮೇಲೆ ಎಷ್ಟು, ಮನುಷ್ಯನ ಮೇಲೆ ಎಷ್ಟು ಎಂಬ ಶಂಕೆ ನನಗಂತೂ ಇದೆ. 1884ರ ಮಾರ್ಚ್ ತಿಂಗಳಲ್ಲಿ ಶಪೀರನು ರಾಟರ್‌ಡ್ಯಾಮಿನಲ್ಲಿ ಪ್ರಾಣ ಕಳೆದುಕೊಂಡನು. ಮರುವರ್ಷ ಪಟ್ಟಿಗಳು ಹರಾಜಿನಲ್ಲಿ ಹತ್ತು ಪೌಂಡು ಐದು ಶಿಲಿಂಗಿಗೆ ಹೋದುವು.

ಆ ದೇಶದ ಹವೆಯಲ್ಲಿ ಚರ್ಮವು ಎರಡು ಸಾವಿರ ವರ್ಷ ಬಾಳಲಾರದೆಂಬುದು ಅಂದಿನ ಒಂದು ವಾದ. 1947ರಿಂದ ಮೃತಸಮುದ್ರದ ಪಶ್ಚಿಮ ದಡದ ಕುಮ್ರಾನ್ ಗುಹೆಗಳಲ್ಲಿ ಚರ್ಮದ ಸುರುಳಿಗಳು ದೊರೆಯಲು, ಆ ವಾದ ಕುಸಿಯಿತು. 1956ರಲ್ಲಿ ಮೆನಾಹೆಮ್ ಮನ್ಸೂರ್ ಮರುಪರಿಶೀಲನೆಯನ್ನು ಕೋರಿದರು. 2021ರಲ್ಲಿ ಇದಾನ್ ಡರ್ಶೋವಿಟ್ಸ್ ಬರ್ಲಿನ್ನಿನ ಗ್ರಂಥಾಲಯದಲ್ಲಿದ್ದ ಶಪೀರನ ಟಿಪ್ಪಣಿಗಳನ್ನು ಮುಂದಿಟ್ಟರು. ಅವುಗಳಲ್ಲಿ ಅವನು ಅಕ್ಷರಗಳನ್ನು ಬಿಡಿಸಲು ತಡವರಿಸಿ, ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕಿದ್ದಾನೆ. ತಾನೇ ಬರೆದುದನ್ನು ಓದಲು ಯಾರಾದರೂ ಹೀಗೆ ಹೆಣಗುವರೇ?

ವಾದವೇನೋ ಬಲವಾದುದೇ, ಆದರೆ ಬೇರೊಬ್ಬನು ಸೃಷ್ಟಿಸಿ ಶಪೀರನನ್ನೇ ವಂಚಿಸಿರಬಹುದಷ್ಟೆ. 1868ರಲ್ಲಿ ದೊರೆತ ಮೋವಾಬಿನ ಅರಸ ಮೇಷನ ಶಿಲಾಶಾಸನದಿಂದ, ಆ ಬಗೆಯ ಅಕ್ಷರಗಳ ಮಾದರಿಯೂ ಕೂಟಕಾರರ ಕಣ್ಣೆದುರಿಗಿದ್ದಿತು. ಕ್ರಿಸ್ಟೋಫರ್ ರೋಲ್‌ಸ್ಟನ್ ಮೊದಲಾದ ಲಿಪಿತಜ್ಞರು ಇಂದಿಗೂ ಕೂಟವೆಂಬ ಪಕ್ಷದಲ್ಲಿಯೇ ಇದ್ದಾರೆ.

ವಾಷಿಂಗ್‌ಟನ್ನಿನ ಬೈಬಲ್ ವಸ್ತುಸಂಗ್ರಹಾಲಯದಲ್ಲಿದ್ದ 16 ಚೂರುಗಳು ಹುಸಿಯೆಂದು 2020ರಲ್ಲಿ ಸಿದ್ಧವಾಯಿತು. ಚರ್ಮ ಹಳೆಯದೇ, ಆದರೆ ಶಾಯಿಯು ಅದರ ಬಿರುಕುಗಳೊಳಕ್ಕೆ ಹರಿದಿದ್ದಿತು. ಅಂದರೆ ಚರ್ಮ ಬಿರಿದ ಮೇಲೆ ಬರೆದುದು! ಶಪೀರನ ಪಟ್ಟಿಗಳನ್ನೂ ಹೀಗೆಯೇ ಸೂಕ್ಷ್ಮದರ್ಶಕದಡಿ ನೋಡಬಹುದಿತ್ತು. ಆದರೆ 1889ರಲ್ಲಿ ಇಂಗ್ಲೆಂಡಿನ ಬರ್ಟನ್-ಆನ್-ಟ್ರೆಂಟ್ ಪಟ್ಟಣದಲ್ಲಿ ಡಾ. ಫಿಲಿಪ್ ಬ್ರೂಕ್ಸ್ ಮೇಸನ್ ಎಂಬವರು ಅವುಗಳನ್ನು ಪ್ರದರ್ಶಿಸಿದ ತರುವಾಯ ಅವು ಕಣ್ಮರೆಯಾದುವು. ವಿದ್ವಾಂಸರ ಕೈಯಲ್ಲಿ ಈಗ ಇರುವುದು ಗಿನ್ಸ್‌ಬರ್ಗರ ನಕಲು, ಅಂದಿನ ಕೆಲವು ಚಿತ್ರಗಳು, ಬರ್ಲಿನ್ನಿನ ಆ ಟಿಪ್ಪಣಿಗಳು.